ಇ-ಮೇಲ್‌ಗೂ ಒಂದು ಆವಕ-ಜಾವಕ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹಳೆಯ ಗುಮಾಸ್ತರಿಗೆಲ್ಲ ಆವಕ-ಜಾವಕ ಪುಸ್ತಕ ಗೊತ್ತು. ಬಂದ ಕಾಗದ, ಹೋದ ಕಾಗದ ಎರಡಕ್ಕೂ ಅಲ್ಲಿ ನಂಬರು ಬೀಳಬೇಕು. ಅಡತಿ ಅಂಗಡಿಯ ಕಿರ್ದಿಗೂ ಅದೇ ಶಿಸ್ತು. ಇ-ಮೇಲ್‌ಗೆ ಇಂಥ ಪುಸ್ತಕ ಉಂಟೇ? ಉಂಟು. ಅದರ ಹೆಸರು ಜರ್ನಲಿಂಗ್.

ಸವಣೂರಿನ ಎಲೆ ವ್ಯಾಪಾರಿಯೊಬ್ಬನ ಗುಮಾಸ್ತ ಬೆಳಿಗ್ಗೆ ಹತ್ತಕ್ಕೆ ದರ ಒಪ್ಪಿ ಮೇಲ್ ಕಳಿಸಿದ, ಸಂಜೆ ನಾಲ್ಕಕ್ಕೆ ಅದನ್ನು ಕಸದ ಬುಟ್ಟಿಯಿಂದಲೂ ಅಳಿಸಿಬಿಟ್ಟ ಎಂದಿಟ್ಟುಕೊಳ್ಳಿ. ರಾತ್ರಿ ತೆಗೆಯುವ ಬ್ಯಾಕಪ್‌ಗೆ ಅದು ಸಿಗುವುದೇ ಇಲ್ಲ. ಬ್ಯಾಕಪ್ ಇದೆಯಲ್ಲ ಎಂದು ನಿಶ್ಚಿಂತರಾಗಿರುವವರು ಎಡವುವುದು ಇಲ್ಲೇ. ಜರ್ನಲಿಂಗ್‌ನಲ್ಲಿ ಹಾಗಲ್ಲ. ಮೇಲ್ ಸರ್ವರನ್ನು ದಾಟುವಾಗಲೇ ಅದರ ನಕಲೊಂದು ಬೇರೆ ಪೆಟ್ಟಿಗೆಗೆ ಬೀಳುತ್ತದೆ. ಎಕ್ಸ್‌ಚೇಂಜ್‌ನಂಥ ವ್ಯವಸ್ಥೆಯಲ್ಲಿ, ಗುಟ್ಟಾಗಿ ಬಿಸಿಸಿ ಹಾಕಿದವರ ವಿಳಾಸವೂ ಆ ನಕಲಿನ ಹೊದಿಕೆಯ ಮೇಲೆ ಇರುತ್ತದೆ. (ವಾಟ್ಸಾಪ್‌ನಲ್ಲಿ ಕುದುರಿಸಿದ ದರ ಮಾತ್ರ ಈ ಪುಸ್ತಕಕ್ಕೆ ತಿಳಿಯದು!)

ಎಷ್ಟು ಕಾಲ ಇಡಬೇಕು? ಕಂಪನಿಗಳು ಲೆಕ್ಕಪುಸ್ತಕ, ವೋಚರುಗಳನ್ನು 8 ವರ್ಷ ಕಾಯಬೇಕೆನ್ನುತ್ತದೆ 2013ರ ಕಂಪನಿ ಕಾಯ್ದೆ. ದರ ಒಪ್ಪಿದ ಮೇಲ್‌ಗೂ ಅಷ್ಟೇ ಆಯುಸ್ಸು ಕೊಡುವುದು ಜಾಣತನ.

ಕಷ್ಟದ ಪ್ರಶ್ನೆ ಬೇರೆಯೇ ಇದೆ. ಪೆಟ್ಟಿಗೆಯ ಕೀಲಿ ಯಾರ ಬಳಿ? ವ್ಯವಹಾರ ಮಾಡುವವನ ಬಳಿಯೇ ಇದ್ದರೆ ಪೆಟ್ಟಿಗೆ ಇದ್ದೂ ಇಲ್ಲದಂತೆ. ಮಾಲೀಕನನ್ನು ಬಿಟ್ಟು ಗುಮಾಸ್ತರ ಮೇಲ್‌ಗಷ್ಟೇ ಹಚ್ಚಿದರೆ ಅದು ದಾಖಲೆಯಲ್ಲ, ಬೇಹುಗಾರಿಕೆ. ಎಲ್ಲರಿಗೂ ಹಚ್ಚಬೇಕು, ಎಲ್ಲರಿಗೂ ಮೊದಲೇ ತಿಳಿಸಬೇಕು. ಲೆಕ್ಕಪರಿಶೋಧಕರಂಥ ಹೊರಗಿನವರಿಗೆ ಓದುವ ಹಕ್ಕಿರಲಿ, ಅಳಿಸುವ ಹಕ್ಕು ಬೇಡ. ಹಚ್ಚಿದ ದಿನವೇ ಒಂದು ಮೇಲ್ ಕಳಿಸಿ, ಅಳಿಸಿ, ಆಮೇಲೆ ಪೆಟ್ಟಿಗೆಯಲ್ಲಿ ಹುಡುಕಿ ನೋಡಿ.