ದೇವರ ಕಾಡು, ದೊರೆಯ ದಪ್ತರ

ಅರಣ್ಯಹಕ್ಕಿನ ಅರ್ಜಿ ಹಿಡಿದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಚೇರಿಗೆ ಹೋದ ರೈತನಿಗೆ ಎದುರಾಗುವ ಪ್ರಶ್ನೆ ಒಂದೇ: ದಾಖಲೆ ಎಲ್ಲಿ? 2006ರ ಕಾಯಿದೆಯಂತೆ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಯು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷ, ಕಾಡನ್ನೇ ನಂಬಿ ಬಾಳಿದ್ದನ್ನು ರುಜುವಾತುಪಡಿಸಬೇಕು. ಹಿರಿಯರ ಹೇಳಿಕೆಯೂ ಪುರಾವೆಯಾಗಬಹುದೆಂದು ನಿಯಮವುಂಟು. ಆದರೆ ಕಾಗದಕ್ಕಿರುವ ತೂಕ ಮಾತಿಗಿಲ್ಲ. ಈ ಮನೋವೃತ್ತಿ ಇಂದಿನದಲ್ಲ. ಅದರ ಮೂಲವನ್ನರಸುತ್ತ ಹೊರಟರೆ ಆಂಗ್ಲರ ಆಳಿಕೆಯ ಹೊಸ್ತಿಲಿಗೆ ಬಂದು ನಿಲ್ಲುತ್ತೇವೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕನ್ನಡ ಜಿಲ್ಲೆ ಕಂಪನಿಯ ಕೈಸೇರಿತು. ಮೊದಲ ಕಲೆಕ್ಟರನಾದ ಥಾಮಸ್ ಮನ್ರೋ ಗ್ಲಾಸ್ಗೋದ ವರ್ತಕನ ಮಗ; ವೃತ್ತಿಯಿಂದ ಸೈನಿಕ. ಇಲ್ಲಿಯ ಮಳೆಗೆ ಬೇಸತ್ತು 1800ರಲ್ಲಿಯೇ ಬೇರೆಡೆಗೆ ಹೊರಟುಹೋದ. ಆದರೂ ಆ ಅಲ್ಪಾವಧಿಯಲ್ಲಿ ಹಳೆಯ ಕಡತಗಳನ್ನು ಬಿಡಿಸಿ ನೋಡಿ, ಇಲ್ಲಿಯ ಭೂಮಿ ರೈತರ ವಂಶಪಾರಂಪರ್ಯದ ಸ್ವತ್ತೆಂದು ಮದರಾಸಿಗೆ ವರದಿ ಬರೆದ. ನ್ಯಾಯವಾದ ಮಾತೇ ಸರಿ. ಆದರೆ ಕಡತದಲ್ಲಿ ಕಾಣದ ಕಾಡಿನ ಗತಿಯೇನು?

ಇದಕ್ಕೆ ಉತ್ತರವಿತ್ತವನು ಮತ್ತೊಬ್ಬ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ದೇಶ ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಜಿಲ್ಲೆಗೆ ಬಂದ. ಕರಾವಳಿಯನ್ನು ನೋಡಿ, ಘಟ್ಟವೇರಿ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳ ಮೇಲೆ ಹಾಯ್ದುಹೋದ. ಅಡಕೆಯ ತೋಟ, ಮೆಣಸಿನ ಬಳ್ಳಿ ಒಂದನ್ನೂ ಬಿಡದೆ ಬರೆದುಕೊಂಡ. ಕಾಡು ಗ್ರಾಮದೇವರದು, ಪೂಜಾರಿಯೂ ಆದ ಊರಗೌಡನ ಅನುಮತಿಯಿಲ್ಲದೆ ಮರ ಕಡಿದರೆ ದೇವರು ಮುನಿಯುವನು ಎಂದು ಕರಾವಳಿಯ ಜನ ಹೇಳಿದ್ದನ್ನೂ ಬರೆದುಕೊಂಡ. ಕೆಳಗೆ ತನ್ನ ತೀರ್ಪನ್ನೂ ಸೇರಿಸಿದ: ಇದೆಲ್ಲ ಸರಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಹೂಡಿದ ಉಪಾಯ! ಕಾಡನ್ನು ಕಾಯ್ದ ಕಟ್ಟಳೆ ಅವನ ಕಣ್ಣಿಗೆ ಕಪಟವಾಗಿ ತೋರಿತು.

ಈ ದೃಷ್ಟಿಯೇ ಮುಂದೆ ಆಡಳಿತವಾಯಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಾಗಿಸಲು ಕಾರವಾರದ ಬಂದರು ಬೇಕೆಂಬ ಒತ್ತಾಯ ಬಲಿತು, 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯಿದೆ ಕಾಡಿನ ಮೇಲೆ ಸರಕಾರದ ಬಿಗಿಮುಷ್ಟಿಯನ್ನು ಭದ್ರಪಡಿಸಿತು. ಕುಮರಿ ಬೇಸಾಯಕ್ಕೆ ನಿರ್ಬಂಧ ಬಿತ್ತು. ತೋಟದ ಒಂದು ಎಕರೆಗೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ದೊರೆತರೂ ಅದು ಹಕ್ಕೆನಿಸಲಿಲ್ಲ, ಸವಲತ್ತೆನಿಸಿತು. ಹಕ್ಕು ತನ್ನದು, ಸವಲತ್ತು ಇನ್ನೊಬ್ಬನ ದಯೆ.

ಇವರೆಲ್ಲ ದುಷ್ಟರೆಂದುಬಿಡುವುದು ಸುಲಭ, ಸತ್ಯವಲ್ಲ. 1847ರಲ್ಲಿ ಮುಂಬಯಿ ಪ್ರಾಂತದ ಅರಣ್ಯಪಾಲಕನಾದ ವೈದ್ಯ ಅಲೆಕ್ಸಾಂಡರ್ ಗಿಬ್ಸನ್, ಕಾಡಳಿದರೆ ನೀರು ಬತ್ತೀತೆಂದು ಎಚ್ಚರಿಸಿದವನು. ಕಾಡನ್ನು ಕಾಯಬೇಕೆಂಬ ಬುದ್ಧಿ ಅವರಿಗಿತ್ತು. ಅಲ್ಲಿಯ ಜನರೇ ಕಾಯಬಲ್ಲರೆಂಬ ನಂಬಿಕೆಯಿರಲಿಲ್ಲ. ಸಾಮ್ರಾಜ್ಯವನ್ನು ಬೆಳೆಸಿದ್ದು ಫಿರಂಗಿಯೊಂದೇ ಅಲ್ಲ, ಈ ಅಪನಂಬಿಕೆಯೂ ಹೌದು.

ಆ ಸಾಮ್ರಾಜ್ಯಕ್ಕೆ ಸಿದ್ದಾಪುರದವರು 1930ರ ದಶಕದ ಆರಂಭದಲ್ಲಿ ಕರನಿರಾಕರಣೆಯಿಂದ ಉತ್ತರವಿತ್ತು ಭೂಮಿ ಕಳೆದುಕೊಂಡರು. ಸ್ವರಾಜ್ಯ ಬಂದಮೇಲೂ, 1983ರಲ್ಲಿ, ಶಿರಸಿಯ ಸಾಲ್ಕಣಿಯವರು ಇಲಾಖೆಯ ಕೊಡಲಿಯೆದುರು ಮರಗಳನ್ನು ಅಪ್ಪಿ ನಿಲ್ಲಬೇಕಾಯಿತು. ಕಾಡನ್ನು ಉಳಿಸಲು ಬಂದವರಾರು, ಕಡಿಯಲು ಬಂದವರಾರು ಎಂಬುದನ್ನು ಅಂದು ಲೋಕವೇ ಕಂಡಿತು.

2006ರ ಕಾಯಿದೆಯ ಪೀಠಿಕೆಯೇ ಹಿಂದೆ ಅನ್ಯಾಯವಾಯಿತೆಂದು ಒಪ್ಪಿಕೊಂಡಿದೆ. ಸುಳ್ಳು ಅರ್ಜಿಗಳೂ ಇರಬಹುದು, ಅವನ್ನು ಸೋಸಲೇಬೇಕು. ಆದರೆ ಊರಿನ ಹಿರಿಯನ ಮಾತನ್ನು ಕೇಳುವ ಮೊದಲೇ ಉಪಾಯವೆಂದು ಶಂಕಿಸುವ ಅಧಿಕಾರಿ, ತಾನು ಯಾರ ಕುರ್ಚಿಯಲ್ಲಿ ಕುಳಿತಿರುವೆನೆಂದು ಒಮ್ಮೆ ಯೋಚಿಸುವುದು ಲೇಸು.