ಮೈದಾನ ಸುತ್ತಿಸುವ ಮೇಷ್ಟ್ರುಗಳಿಗೆ

ಕಳೆದ ತಿಂಗಳು ಬಂಧುಗಳ ಗೃಹಪ್ರವೇಶಕ್ಕೆಂದು ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಬೆಳಗ್ಗೆ ಹತ್ತರ ಸುಮಾರಿಗೆ ಅಲ್ಲಿಯ ಶಾಲೆಯೊಂದರ ಕಾಂಪೌಂಡಿನ ಪಕ್ಕದಲ್ಲಿ ನಡೆದು ಬರುತ್ತಿದ್ದಾಗ, ಆರೇಳು ಹುಡುಗರು ಪುಸ್ತಕದ ಚೀಲವನ್ನು ಬೆನ್ನಿನಿಂದ ಇಳಿಸದೆಯೇ ಮೈದಾನ ಸುತ್ತುತ್ತಿದ್ದುದು ಕಂಡಿತು. ನಡುವೆ ಸೀಟಿ ಕಚ್ಚಿಕೊಂಡು ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ನೋಡಿ ಓಡಿ ಬಂದು ಕಾಲಿಗೆ ನಮಸ್ಕರಿಸಿದ. ಇದೇನಪ್ಪಾ ಎಂದು ಕೇಳಿದೆ. "ಹೋಂವರ್ಕ್ ಮಾಡಿಲ್ಲ ಸಾರ್. ಈಗ ಹೊಡೆಯೋ ಹಾಗಿಲ್ಲವಲ್ಲ. ಅದಕ್ಕೇ ನಿಮ್ಮ ಪದ್ಧತಿ, ಐದು ರೌಂಡು!" ಎಂದು ನಕ್ಕ.

ನಿಮ್ಮ ಪದ್ಧತಿ! ಅವನು ಅದನ್ನು ಹೊಗಳಿಕೆಯೆಂದೇ ಹೇಳಿದ್ದ. ನನಗೆ ಮಾತ್ರ ಗೃಹಪ್ರವೇಶದ ಊಟ ರುಚಿಸಲಿಲ್ಲ.

ನನ್ನ ಶಿಷ್ಯರಲ್ಲಿ ಅನೇಕರು ಇಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಉಪಾಧ್ಯಾಯರಾಗಿದ್ದಾರೆ. ಅವರೊಡನೆ ಜಗಳವಾಡಲೆಂದೇ ಈ ಬರಹ. ಮಕ್ಕಳಿಗೆ ಓಟವನ್ನು ಶಿಕ್ಷೆಯಾಗಿ ಕೊಡುವುದು ಬೆತ್ತದ ಏಟಿಗಿಂತ ಸಣ್ಣ ತಪ್ಪೇನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದರ್ಥದಲ್ಲಿ ದೊಡ್ಡ ತಪ್ಪೇ. ಏಟಿನ ಬಾಸುಂಡೆ ವಾರದಲ್ಲಿ ಮಾಯುತ್ತದೆ. ಓಟದ ಮೇಲೆ ಹುಟ್ಟಿದ ಜುಗುಪ್ಸೆ ಐವತ್ತು ವರ್ಷ ಕಳೆದರೂ ಮಾಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ತನ್ನ 17ನೆಯ ಸೆಕ್ಷನ್ನಿನಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಬೆತ್ತವೇನೋ ಬೀರುವಿನ ಮೇಲಕ್ಕೆ ಹೋಯಿತು. ಸೀಟಿ ಉಳಿದುಕೊಂಡಿತು, ಅದು ಶಿಕ್ಷೆಯೆಂದು ಯಾರಿಗೂ ತೋರಲೇ ಇಲ್ಲ. "ಓಡಿದರೆ ಒಳ್ಳೆಯದೇ ಅಲ್ಲವೇ ಸಾರ್, ಆರೋಗ್ಯ" ಎನ್ನುತ್ತೀರಿ. ಒಳ್ಳೆಯದಾದರೆ ಅದನ್ನು ದಂಡವಾಗಿ ಏಕೆ ಕೊಡುತ್ತೀರಿ? ನಾನು ಕನ್ನಡ ಮೇಷ್ಟ್ರು. ಪದ್ಯ ಬಾಯಿಗೆ ಬರದವನಿಂದ ಅದನ್ನೇ ಐವತ್ತು ಸಲ ಬರೆಸಿದ್ದೇನೆ. ಹಾಗೆ ಬರೆದವರಲ್ಲಿ ಒಬ್ಬನಾದರೂ ದೊಡ್ಡವನಾದ ಮೇಲೆ ಕಾವ್ಯ ಓದಿದ್ದನ್ನು ನಾನು ಕಂಡಿಲ್ಲ.

ಇಂದು ಬೆಂಗಳೂರಿನ ಜಿಮ್‌ಗಳಲ್ಲಿ ಹಣ ತೆತ್ತು ಏರುವ ಟ್ರೆಡ್‌ಮಿಲ್‌ನ ಹೆಸರಿನ ಹಿಂದೊಂದು ಸೆರೆಮನೆಯ ಕಥೆಯಿದೆ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ 1818ರಲ್ಲಿ ಕೈದಿಗಳಿಗಾಗಿ ಒಂದು ತುಳಿಚಕ್ರವನ್ನು ರೂಪಿಸಿದ. ಮೆಟ್ಟಿಲುಗಳಿದ್ದ ಆ ದೊಡ್ಡ ಚಕ್ರವನ್ನು ಅವರು ಗಂಟೆಗಟ್ಟಲೆ ತುಳಿಯಬೇಕಿತ್ತು. ಎಷ್ಟು ಹತ್ತಿದರೂ ಇದ್ದಲ್ಲೇ. ಅಲ್ಲಿಯ ಸೆರೆಮನೆಗಳು ಆ ಶಿಕ್ಷೆಯನ್ನು ಕೈಬಿಟ್ಟು ಶತಮಾನ ದಾಟಿತು. ನಮ್ಮ ಶಾಲೆಗಳು ಇನ್ನೂ ಬಿಟ್ಟಿಲ್ಲ.

ಈಗ ನನ್ನ ತಪ್ಪಿನ ಮಾತು. ಎಂಬತ್ತರ ದಶಕದಲ್ಲಿ ಮುಳಬಾಗಿಲು ತಾಲ್ಲೂಕಿನಲ್ಲಿ ನಾನಿದ್ದಾಗ, ಎಂಟನೆಯ ತರಗತಿಯ ಒಬ್ಬ ಹುಡುಗ ವಾರಕ್ಕೆ ಮೂರು ದಿನವಾದರೂ ತಡವಾಗಿ ಬರುತ್ತಿದ್ದ. ಪ್ರತಿ ಸಲವೂ ನಾನು ಕೊಡುತ್ತಿದ್ದುದು ಐದು ಸುತ್ತು. ಅವನು ತುಟಿ ಬಿಚ್ಚದೆ ಓಡುತ್ತಿದ್ದ. ವರ್ಷದ ಕೊನೆಯಲ್ಲಿ ಅವನ ತಂದೆ ಬಂದಾಗ ವಿಷಯ ತಿಳಿಯಿತು. ಹುಡುಗ ಬೆಳಗ್ಗೆ ಎದ್ದು ಹಾಲು ಕರೆದು, ಡೇರಿಯಲ್ಲಿ ಸಾಲು ನಿಂತು, ಹಾಲಿನ ಡಿಗ್ರಿ ನೋಡಿಸಿ, ಅಳೆದು ಕೊಟ್ಟು, ಕ್ಯಾನನ್ನು ಮನೆಗೆ ತಲುಪಿಸಿ, ಆಮೇಲೆ ನಾಲ್ಕು ಕಿಲೋಮೀಟರು ಬರಿಗಾಲಿನಲ್ಲಿ ಓಡಿಕೊಂಡೇ ಶಾಲೆಗೆ ಬರುತ್ತಿದ್ದ. ಓಡಿ ಬಂದವನಿಗೆ ನಾನು ಓಟದ ಶಿಕ್ಷೆ ವಿಧಿಸುತ್ತಿದ್ದೆ! ಕೆನೆತ್ ಪೊವೆಲ್ ನಮ್ಮ ಕೋಲಾರದಲ್ಲಿ ಹುಟ್ಟಿ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದವರೆಂದು ಸಾಮಾನ್ಯಜ್ಞಾನದ ಪಾಠದಲ್ಲಿ ಹೇಳುತ್ತಿದ್ದವನು ನಾನೇ. ಎದುರಿಗಿದ್ದ ಓಟಗಾರ ನನ್ನ ಕಣ್ಣಿಗೆ ಬೀಳಲಿಲ್ಲ.

ಅವನೇ ಕೆಲವು ವರ್ಷಗಳ ಹಿಂದೆ ಮುಳಬಾಗಿಲಿನ ಒಂದು ಮದುವೆಯಲ್ಲಿ ಸಿಕ್ಕಿದ. ಮೈ ಬಂದಿತ್ತು, ಸಕ್ಕರೆ ಕಾಯಿಲೆಯೂ ಬಂದಿತ್ತು. ನಾನು ಹೊಸ ಭಕ್ತನ ಉತ್ಸಾಹದಲ್ಲಿ, ನನ್ನ ಜೊತೆ ಒಂದು ದಿನ ಓಡಲು ಬಾರಯ್ಯ ಎಂದೆ. ಅವನು ಪಾಯಸದ ಲೋಟವನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದ: "ಬೇಜಾರು ಮಾಡ್ಕೋಬೇಡಿ ಸಾರ್. ಓಟ ಅಂದ್ರೆ ಇವತ್ತಿಗೂ ನನಗೆ ನಿಮ್ಮ ಸೀಟಿ ಕೇಳಿಸುತ್ತೆ."

ನನ್ನ ಓಟ ಆರಂಭವಾದದ್ದು ಆಕಸ್ಮಿಕವಾಗಿ. 2006ರಲ್ಲಿ ನನಗೆ ಐವತ್ತನಾಲ್ಕು. ಕೋಲಾರದಲ್ಲಿ ದಿನವೂ ಅಂತರಗಂಗೆ ಬೆಟ್ಟದ ಕಡೆಗೆ ನಡೆಯುವ ಅಭ್ಯಾಸವಿತ್ತು. ಒಂದು ಬೆಳಗ್ಗೆ ಹಠಾತ್ತನೆ ಮಳೆ ಸುರಿಯಿತು. ಪಂಚೆಯನ್ನು ಮೇಲಕ್ಕೆ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಬೆಟ್ಟದ ಬುಡದವರೆಗೆ ಓಡಿದೆ. ಆಸರೆಯಲ್ಲಿ ನಿಂತು ಏದುಸಿರು ಬಿಡುವಾಗ ನನಗೇ ಅಚ್ಚರಿಯಾಗುವಂತೆ ನಗು ಬಂದಿತು. ಮುಟ್ಟಾಟ, ಮರಕೋತಿ ಆಡಿ ಸುಸ್ತಾದ ಮಗುವಿನ ನಗು. ನಲವತ್ತು ವರ್ಷಗಳಿಂದ ಬಸ್ಸು ಹಿಡಿಯಲಿಕ್ಕಲ್ಲದೆ ನಾನು ಓಡಿರಲೇ ಇಲ್ಲ. ಮರುದಿನ ಮಳೆಯಿರಲಿಲ್ಲ, ಆದರೂ ಓಡಿದೆ. ಒಂದು ದೀಪದ ಕಂಬದಿಂದ ಮುಂದಿನ ಕಂಬಕ್ಕೆ ಓಟ, ಅಲ್ಲಿಂದ ಮುಂದಿನದಕ್ಕೆ ನಡಿಗೆ. ಎದುರಾದ ಹಾಲಿನವನು ಗಾಬರಿಯಿಂದ, "ಎಕ್ಕಡಿಕಿ ಸಾರ್? ಬಸ್ಸು ಪೋಯಿಂದಾ?" ಎಂದು ವಿಚಾರಿಸಿದ. ನಮ್ಮ ಸೀಮೆಯಲ್ಲಿ ವಯಸ್ಸಾದವನು ಓಡಿದರೆ ಒಂದೋ ಬಸ್ಸು ತಪ್ಪಿರಬೇಕು, ಇಲ್ಲವೇ ಸಾವಿನ ಸುದ್ದಿ ಬಂದಿರಬೇಕು.

ಸುಖವೆಂಬುದು ಒಡನೆಯೇ ಬರಲಿಲ್ಲವೆಂಬುದನ್ನೂ ಹೇಳಬೇಕು. ಮೊದಮೊದಲು ಪಕ್ಕೆ ಹಿಡಿಯುತ್ತಿತ್ತು, ಮೀನಖಂಡ ಕಲ್ಲಾಗುತ್ತಿತ್ತು. ನನ್ನೊಳಗಿನ ಮೇಷ್ಟ್ರು ನನ್ನನ್ನೇ ಗದರಿಸುತ್ತಿದ್ದ: ಇನ್ನೊಂದು ಸುತ್ತು, ನಿಲ್ಲಬೇಡ! ಅವನನ್ನು ಸುಮ್ಮನಾಗಿಸಲು ಆರು ತಿಂಗಳು ಹಿಡಿಯಿತು. ಮಾತನಾಡುತ್ತಾ ಓಡುವಷ್ಟು ನಿಧಾನಕ್ಕೆ ಇಳಿದ ಮೇಲೆ ಉಸಿರು ತಾನಾಗಿಯೇ ಹೆಜ್ಜೆಗೆ ಹೊಂದಿಕೊಂಡಿತು. ಶತಶೃಂಗದ ಬಂಡೆಗಳ ಮೇಲೆ ಬೆಳಕು ಬೀಳುವುದು, ಟೊಮ್ಯಾಟೊ ಕ್ರೇಟು ಹೇರಿಕೊಂಡು ಮಾರುಕಟ್ಟೆಗೆ ಹೊರಟ ಗಾಡಿಗಳು, ಮೊದಲ ಬಿಸಿಲಿಗೆ ಮಣ್ಣಿನ ವಾಸನೆ, ಇವೆಲ್ಲ ಆಮೇಲೆ ಕಾಣತೊಡಗಿದವು. ಓಡಬೇಕೆಂದು ಯಾರೂ ಹೇಳುತ್ತಿಲ್ಲ, ನಿಂತರೆ ಯಾರೂ ಕೇಳುವುದಿಲ್ಲ. ನನ್ನ ಸುಖದ ಮುಕ್ಕಾಲು ಪಾಲು ಇದೇ.

ಬಂಧುಗಳ ಆಕ್ಷೇಪ ಮಂಡಿಯದು. "ಮಂಡಿ ಸವೆದುಹೋಗುತ್ತೆ, ಈ ವಯಸ್ಸಿನಲ್ಲಿ ಬೇಕಾ?" ಎಂದು ಪ್ರತಿ ಹಬ್ಬದಲ್ಲೂ ಕೇಳುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1984ರಿಂದ ಐವತ್ತು ದಾಟಿದ ಓಟಗಾರರನ್ನೂ ಓಡದವರನ್ನೂ ಎರಡು ದಶಕಗಳ ಕಾಲ ಗಮನಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. 19 ವರ್ಷಗಳಲ್ಲಿ ಓಡದವರ ಪೈಕಿ ಶೇಕಡಾ 34ರಷ್ಟು ಜನ ತೀರಿಕೊಂಡಿದ್ದರೆ, ಓಟಗಾರರಲ್ಲಿ ಶೇಕಡಾ 15. ಓಟಗಾರರಿಗೆ ಕೈಕಾಲು ಸೋಲುವುದೂ ತಡವಾಗಿತ್ತು. ಮಂಡಿಯಲ್ಲಿ ಆಗಲೇ ನೋವಿದ್ದವರು ವೈದ್ಯರನ್ನು ಕೇಳಿಯೇ ಹೊರಡಬೇಕು, ಅದು ಬೇರೆ ಮಾತು. ವಯಸ್ಸಿನ ಪ್ರಶ್ನೆಗೆ ಪಂಜಾಬಿನ ಫೌಜಾ ಸಿಂಗ್ ಇದ್ದಾರೆ. ಓಟವನ್ನು ಗಂಭೀರವಾಗಿ ಹಿಡಿದದ್ದು ಎಂಬತ್ತು ದಾಟಿದ ಮೇಲೆ. 2000ದಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಅವರ ಲೆಕ್ಕದಲ್ಲಿ ಎಂಬತ್ತೊಂಬತ್ತು. ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್‌ನವರು ಅವರ ದಾಖಲೆಯನ್ನು ಒಪ್ಪಲಿಲ್ಲ. (ದಾಖಲಾತಿ ಪುಸ್ತಕದಲ್ಲಿ ಅರ್ಧ ತರಗತಿಗೆ ಜೂನ್ 1 ಎಂದು ಹುಟ್ಟಿದ ದಿನ ಬರೆದ ನನಗೆ ಗಿನ್ನೆಸ್‌ನವರ ಕಷ್ಟ ಅರ್ಥವಾಗುತ್ತದೆ.) 2025ರ ಜುಲೈನಲ್ಲಿ ತಮ್ಮ ಊರಿನ ಬಳಿ ರಸ್ತೆ ದಾಟುವಾಗ ಕಾರು ಬಡಿದು ಅವರು ತೀರಿಕೊಂಡರು.

ಹೆಣ್ಣುಮಕ್ಕಳಿಗೆ ನಾವು ಮಾಡಿದ್ದು ಇನ್ನೊಂದು ಬಗೆಯ ಅನ್ಯಾಯ. ಹುಡುಗರಿಗೆ ಓಟ ಶಿಕ್ಷೆಯಾದರೆ ಅವರಿಗೆ ಓಟವೇ ನಿಷಿದ್ಧ. ಮಾಲೂರಿನಲ್ಲಿ ನನ್ನ ತರಗತಿಯಲ್ಲಿದ್ದ ಖೊ ಖೊ ಆಟಗಾರ್ತಿಯರು ಹತ್ತನೆಯದು ಮುಗಿದ ಮೇಲೆ ಮತ್ತೆ ಓಡಿದ್ದನ್ನು ನಾನು ನೋಡಲಿಲ್ಲ.

ಆದ್ದರಿಂದ, ಉಪಾಧ್ಯಾಯರಾಗಿರುವ ಶಿಷ್ಯರೇ, ತಡವಾಗಿ ಬಂದವನನ್ನು ಏಕೆ ತಡವಾಯಿತೆಂದು ಕೇಳಿರಿ. ಹೋಂವರ್ಕ್ ಮಾಡದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿಸಿರಿ. ಶಿಸ್ತು ಹೇಗೆ ಬರಬೇಕು ಸಾರ್ ಎಂದು ನೀವು ಕೇಳುವಿರಿ. ನನ್ನ ಐದು ಸುತ್ತುಗಳಿಂದ ಆ ಹುಡುಗ ಒಂದು ದಿನವೂ ಬೇಗ ಬರಲಿಲ್ಲ. ಡೇರಿಯ ಸಾಲು ನನ್ನ ಸೀಟಿಗೆ ಕರಗುವಂಥದಾಗಿರಲಿಲ್ಲ.

ಮೊನ್ನೆ ಅವನಿಗೆ ಫೋನು ಮಾಡಿ ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಸಾರ್, ದೊಡ್ಡ ಮಾತು" ಎಂದ. ಮನೆಯವರ ಯೋಗಕ್ಷೇಮ, ಮಾವಿನ ಫಸಲು ಎಲ್ಲ ಮಾತಾಡಿದ. ಭಾನುವಾರ ಕೋಲಾರಕ್ಕೆ ಬಂದರೆ ಅಂತರಗಂಗೆಯವರೆಗೆ ನಡೆದೇ ಹೋಗೋಣ, ಓಡುವುದು ಬೇಡ ಎಂದೆ. ನೋಡೋಣ ಸಾರ್ ಎಂದಿದ್ದಾನೆ.