ಟವರಿನ ಭಯ, ಕಿವಿಯ ಫೋನು
ಬೇತಮಂಗಲದಲ್ಲಿ ಮನೆ ಪಕ್ಕ ಟವರ್ ಎದ್ದರೆ ಯಾರಿಗಾದರೂ ದಿಗಿಲಾಗುವುದು ಸಹಜ. ಆದರೆ ಪಾಲಾರ್ ಕೆರೆ ಏರಿಯ ಮೇಲೆ ಗಂಟೆಗಟ್ಟಲೆ ಕಿವಿಗೊತ್ತಿಕೊಂಡ ಫೋನಿದೆಯಲ್ಲ, ತಲೆಗೆ ತಾಗುವ ವಿಕಿರಣದ ದೊಡ್ಡ ಪಾಲು ಅದರದೇ. ಎಕ್ಸ್‌ರೇಯಂತೆ ಡಿಎನ್‌ಎ ಒಡೆಯುವ ಶಕ್ತಿ ಈ ವಿಕಿರಣಕ್ಕಿಲ್ಲ. ಖಚಿತವಾಗಿ ಗೊತ್ತಿರುವ ಪರಿಣಾಮ ಅಂಗಾಂಶ ತುಸು ಬಿಸಿಯಾಗುವುದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ವಿಕಿರಣವನ್ನು ಕ್ಯಾನ್ಸರ್ ತರಬಹುದಾದವುಗಳ ಗುಂಪಿಗೆ ಸೇರಿಸಿತು, ಆದರೆ ತರುತ್ತದೆಂದು ಸಾಬೀತಾಗಿಲ್ಲ. ನಮ್ಮ ದೇಶದಲ್ಲಿ ಫೋನಿನಿಂದ ದೇಹ ಹೀರುವ ವಿಕಿರಣದ ಮಿತಿ ಅಂಗಾಂಶದ ಕಿಲೋಗೆ 1.6 ವಾಟ್; ಹಲವು ಫೋನುಗಳಲ್ಲಿ *#07# ಒತ್ತಿದರೆ ನಿಮ್ಮ ಫೋನಿನ ಅಂಕಿ ಪರದೆಗೆ ಬರುತ್ತದೆ. ಸಿಗ್ನಲ್ ಒಂದೇ ಕಡ್ಡಿಗೆ ಇಳಿದಾಗ ಫೋನು ಹೆಚ್ಚು ಶಕ್ತಿ ಹೊರಡಿಸುತ್ತದೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನವೂ ರೈಲಲ್ಲಿ ಓಡಾಡುವವರೇ, ಅಂಥ ಹೊತ್ತಲ್ಲಿ ಉದ್ದ ಮಾತು ಬೇಡ; ಮಾತಾಡಲೇಬೇಕಾದರೆ ಇಯರ್‌ಫೋನ್ ಹಾಕಿಕೊಳ್ಳಿ.